ಶಾಲೆಯ ನೆಲ, ಗೋಪುರದ ನೆರಳು

ಕೇಳುಗರಿಗೆ ನಮಸ್ಕಾರ.

ನಗರದ ನಟ್ಟನಡುವೆ ಒಂದು ಸರ್ಕಾರಿ ಶಾಲೆಯಿದೆ ಎನ್ನಿ. ಕಟ್ಟಡ ಹಳತಾಗಿದೆ, ಹೊಸದನ್ನು ಕಟ್ಟಿಸಲು ಆಡಳಿತದ ಬಳಿ ಹಣವಿಲ್ಲ. ಆದರೆ ಅದು ನಿಂತಿರುವ ನೆಲಕ್ಕೆ ಮಾತ್ರ ಬಂಗಾರದ ಬೆಲೆ ಬಂದಿದೆ. ಆಗ ಒಬ್ಬ ಬಿಲ್ಡರ್ ಬಂದು, ಶಾಲೆಯನ್ನು ನಾನು ಹೊಸದಾಗಿ ಕಟ್ಟಿಕೊಡುತ್ತೇನೆ, ಪಕ್ಕದಲ್ಲಿ ಮನೆಗಳ ಗೋಪುರ ಎಬ್ಬಿಸಲು ನನಗೆ ಅನುಮತಿ ಕೊಡಿ ಎನ್ನುತ್ತಾನೆ. ಇದಕ್ಕೆ ಏನು ಉತ್ತರ ಕೊಡಬೇಕು? ನ್ಯೂಯಾರ್ಕ್ ನಗರ ಈ ಪ್ರಶ್ನೆಯನ್ನು ಸುಮಾರು ಅರುವತ್ತು ವರ್ಷಗಳಿಂದ ಎದುರಿಸುತ್ತಾ ಬಂದಿದೆ. ಅಲ್ಲಿನ ಒಂದು ಪ್ರಸಂಗವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನ್ಯೂಯಾರ್ಕ್ ರಾಜ್ಯದ ಶಾಸನಸಭೆ 1960ರ ದಶಕದಲ್ಲಿ ಎಜುಕೇಶನಲ್ ಕನ್‌ಸ್ಟ್ರಕ್ಷನ್ ಫಂಡ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿತು. ಮೂರು ನಾಲ್ಕು ಅಂತಸ್ತಿನ ಶಾಲೆಯ ಮೇಲೆ ಕಾನೂನು ಇನ್ನೂ ಎಷ್ಟೋ ಅಂತಸ್ತುಗಳಿಗೆ ಅವಕಾಶ ಕೊಟ್ಟಿರುತ್ತದೆ, ಆ ಅವಕಾಶ ಬಳಕೆಯಾಗದೆ ಉಳಿದಿರುತ್ತದೆ; ಅದನ್ನೇ ಬಂಡವಾಳ ಮಾಡಿಕೊಳ್ಳುವುದು ಈ ಸಂಸ್ಥೆಯ ಮೂಲ ಆಲೋಚನೆ. ಶಾಲೆಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕ ಹಕ್ಕನ್ನು ಅದು ಸಾಮಾನ್ಯವಾಗಿ ದೀರ್ಘಕಾಲದ ಗುತ್ತಿಗೆಗೆ ಕೊಡುತ್ತದೆ, ಶಾಲೆಗಾಗಿ ಬಾಂಡುಗಳ ಮೂಲಕ ಸಾಲ ಎತ್ತುತ್ತದೆ, ಬಿಲ್ಡರ್ ಕಟ್ಟುವ ನೆಲಬಾಡಿಗೆ ಮತ್ತು ತೆರಿಗೆಗೆ ಸಮನಾದ ಮೊತ್ತದಿಂದ ಆ ಸಾಲವನ್ನು ತೀರಿಸುತ್ತದೆ. ಮ್ಯಾನ್‌ಹಟನ್‌ನ ಪೂರ್ವ 57ನೇ ಬೀದಿಯಲ್ಲಿ ಒಂದು ಪ್ರಾಥಮಿಕ ಶಾಲೆಯೂ ಕಲೆಯ ಪ್ರೌಢಶಾಲೆಯೊಂದೂ 2012ರಲ್ಲಿ ಹೊಸ ಕಟ್ಟಡ ಪಡೆದದ್ದು ಹೀಗೆಯೇ. ಅದೇ ನಿವೇಶನದಲ್ಲಿ ಅರವತ್ತಕ್ಕೂ ಹೆಚ್ಚು ಅಂತಸ್ತಿನ ವಸತಿ ಗೋಪುರ ಆಮೇಲೆ ಎದ್ದಿತು.

ನಾನು ಹೇಳಹೊರಟ ಪ್ರಸಂಗ ಬ್ರೂಕ್ಲಿನ್‌ನದು. ಫ್ಲಾಟ್‌ಬುಶ್ ಅವೆನ್ಯೂ, ಸ್ಟೇಟ್ ಬೀದಿ, ಶೆರ್ಮರ್‌ಹಾರ್ನ್ ಬೀದಿ ಮತ್ತು ಥರ್ಡ್ ಅವೆನ್ಯೂಗಳ ನಡುವಿನ ತ್ರಿಕೋನದಂಥ ಜಾಗ. ಒಂದು ಪಕ್ಕದಲ್ಲಿ ಎತ್ತರದ ಕಟ್ಟಡಗಳ ಪೇಟೆ, ಇನ್ನೊಂದು ಪಕ್ಕದಲ್ಲಿ ಸಾಲಾಗಿ ನಿಂತ ಹಳೆಯ ಸಣ್ಣ ಮನೆಗಳ ಬೋರಮ್ ಹಿಲ್. ಅಲ್ಲಿನ ಹತ್ತೊಂಬತ್ತನೆಯ ಶತಮಾನದ ಕಟ್ಟಡದಲ್ಲಿ, ಲೆಬನಾನ್ ಮೂಲದ ಕವಿ ಖಲೀಲ್ ಗಿಬ್ರಾನ್ ಹೆಸರಿನ ಪ್ರೌಢಶಾಲೆ ನಡೆಯುತ್ತಿತ್ತು. 2007ರಲ್ಲಿ ಆರಂಭವಾದ ಇದು ಅರಬ್ಬಿ ಮತ್ತು ಇಂಗ್ಲಿಷ್ ಎರಡನ್ನೂ ಕಲಿಸುವ ಅಮೆರಿಕದ ಮೊದಲ ಸಾರ್ವಜನಿಕ ಶಾಲೆ. ಆ ಹಳೆಯ ಕಟ್ಟಡದಲ್ಲಿ ಮಕ್ಕಳಿಗೆ ಸರಿಯಾದ ವ್ಯಾಯಾಮಶಾಲೆಯಾಗಲಿ ಸಭಾಂಗಣವಾಗಲಿ ಇರಲಿಲ್ಲ.

ಅಲಾಯ್ ಡೆವಲಪ್‌ಮೆಂಟ್ ಎಂಬ ಸಂಸ್ಥೆ 2017ರಲ್ಲಿ ಮುಂದಿಟ್ಟ ಯೋಜನೆ ಹೀಗಿತ್ತು: ಈ ಶಾಲೆಗೆ ಹೊಸ ಕಟ್ಟಡ, ಜೊತೆಗೆ ಹೊಸದೊಂದು ಪ್ರಾಥಮಿಕ ಶಾಲೆ, ಎರಡು ಗೋಪುರಗಳು, ಅವುಗಳಲ್ಲಿ ಸುಮಾರು 900 ಮನೆಗಳು, ಆ ಪೈಕಿ 200 ಮನೆಗಳು ಕಡಿಮೆ ವರಮಾನದವರಿಗೆ ಕೈಗೆಟಕುವ ಬಾಡಿಗೆಯಲ್ಲಿ. ದೊಡ್ಡ ಗೋಪುರದ ಎತ್ತರ 986 ಅಡಿ. ನಮ್ಮ ಬೆಂಗಳೂರಿನಲ್ಲಿ ಎಫ್‌ಎಆರ್ ಎಂದು ಎಲ್ಲರ ಬಾಯಲ್ಲೂ ಇರುವ ಲೆಕ್ಕ, ಅಂದರೆ ನಿವೇಶನದ ಎಷ್ಟು ಪಟ್ಟು ವಿಸ್ತೀರ್ಣ ಕಟ್ಟಬಹುದೆಂಬ ಅನುಪಾತ, ಅಲ್ಲಿ 6.5 ಇದ್ದದ್ದನ್ನು 18ಕ್ಕೆ ಏರಿಸಬೇಕೆಂಬುದು ಬೇಡಿಕೆಯಾಗಿತ್ತು.

ನೆರೆಹೊರೆಯವರು ಸಿಡಿದೆದ್ದರು. ರಸ್ತೆಯಾಚೆಗಿನ ಪುಟ್ಟ ಸಮುದಾಯ ತೋಟದ ಮೇಲೆ ನೆರಳು ಬೀಳುತ್ತದೆ ಎಂದರು, ಮನೆಗಳ ಬೀದಿಗೆ ಸರಕು ಲಾರಿಗಳು ನುಗ್ಗುತ್ತವೆ ಎಂದರು. ಸ್ಥಳೀಯ ಸಮುದಾಯ ಮಂಡಳಿಯೂ ಯೋಜನೆಗೆ ವಿರುದ್ಧವಾಗಿ ಮತ ಹಾಕಿತು. ಇವರನ್ನು ಸ್ವಾರ್ಥಿಗಳೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ; ಬಿಸಿಲು ಒಮ್ಮೆ ಹೋದರೆ ಯಾವ ಪರಿಹಾರಧನವೂ ಅದನ್ನು ಮರಳಿ ತರಲಾರದು. ಕೊನೆಗೆ 2018ರ ಸೆಪ್ಟೆಂಬರಿನಲ್ಲಿ ನಗರಸಭೆ ಅನುಮತಿ ನೀಡುವಾಗ ಎತ್ತರವನ್ನು 840 ಅಡಿಗೂ ಅನುಪಾತವನ್ನು 15.75ಕ್ಕೂ ಇಳಿಸಿತು.

ಈ ಚೌಕಾಶಿಯೆಲ್ಲ ಎತ್ತರದ ಸುತ್ತಲೇ ಸುತ್ತಿದ್ದು ನನಗೆ ಖೇದದ ಸಂಗತಿ. ನೂರೈವತ್ತು ಅಡಿ ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ, ಸಾರ್ವಜನಿಕ ಶಾಲೆಯ ನಿವೇಶನದಲ್ಲಿ ಏಳುವ ಮನೆಗಳಲ್ಲಿ ಎಷ್ಟು ಮನೆಗಳು ಸಾಮಾನ್ಯರ ಪಾಲಿಗೆ ಬರುತ್ತವೆ, ಯಾವಾಗ ಬರುತ್ತವೆ ಎಂಬ ಪ್ರಶ್ನೆ ದೊಡ್ಡದು. 2024ರಲ್ಲಿ ಬಾಗಿಲು ತೆರೆದ ಮೊದಲ ಗೋಪುರಕ್ಕೆ 44 ಅಂತಸ್ತು. ಅಡುಗೆ, ಬಿಸಿನೀರು, ಶಾಖ ಎಲ್ಲಕ್ಕೂ ವಿದ್ಯುತ್ತನ್ನೇ ನೆಚ್ಚಿದ ನಗರದ ಮೊದಲ ಗಗನಚುಂಬಿ ಎಂಬ ಹಿರಿಮೆಯೂ ಅದಕ್ಕಿದೆ. ಆದರೆ ಅದರ 441 ಮನೆಗಳಲ್ಲಿ ಕಡಿಮೆ ಬಾಡಿಗೆಯವು 45. ಉಳಿದ ಭರವಸೆಯೆಲ್ಲ ಎರಡನೆಯ ಗೋಪುರದ ಮೇಲೆ ಬಿತ್ತು.

ಆದರೆ ಶಾಲೆಯ ವಿಷಯದಲ್ಲಿ ಬ್ರೂಕ್ಲಿನ್ ಸರಿಯಾದ ದಾರಿಯನ್ನೇ ಹಿಡಿಯಿತೆಂದು ನಾನು ತಿಳಿದಿದ್ದೇನೆ. ದೊಡ್ಡ ಗೋಪುರಕ್ಕಾಗಿ ಕಾಯದೆ, ಮೊದಲ ಹಂತದಲ್ಲಿಯೇ ಎರಡೂ ಶಾಲೆಗಳನ್ನು ಕಟ್ಟಿ ಮುಗಿಸಲಾಯಿತು. ಒಳಗಿನ ತಾಪವನ್ನು ಬಿಗಿಯಾಗಿ ಹಿಡಿದಿಟ್ಟು ಇಂಧನವನ್ನು ಬಹಳವಾಗಿ ಉಳಿಸುವ ಪ್ಯಾಸಿವ್ ಹೌಸ್ ಮಾದರಿಯಲ್ಲಿ ಅವು ರೂಪುಗೊಂಡಿವೆ. ಮಾರುಕಟ್ಟೆ ಕುಸಿದು ಬಿಲ್ಡರ್ ಕೈಚೆಲ್ಲಿದರೂ ಮಕ್ಕಳ ಕಟ್ಟಡ ಅರ್ಧಕ್ಕೆ ನಿಲ್ಲದಂಥ ಕ್ರಮವಿದು.

ವಾಷಿಂಗ್ಟನ್ ನಗರದ ಆಯ್ಸ್ಟರ್ ಶಾಲೆಯದು ಬೇರೆ ದಾರಿ. 1926ರ ಆ ಕಟ್ಟಡ ಹದಗೆಟ್ಟು ಶಾಲೆಯೇ ಮುಚ್ಚುವ ಭೀತಿ ಎದುರಾದಾಗ, ಪಾಲಕರೇ ಮುಂದೆ ನಿಂತು, ಅರ್ಧ ನಿವೇಶನವನ್ನು 211 ಮನೆಗಳ ವಸತಿ ಕಟ್ಟಡಕ್ಕೆ ಬಿಟ್ಟುಕೊಟ್ಟು, ಪ್ರತಿಯಾಗಿ 2001ರಲ್ಲಿ ಹೊಸ ಶಾಲೆಯನ್ನು ಪಡೆದರು. ಅದಕ್ಕೆ ಎತ್ತಿದ 1.1 ಕೋಟಿ ಡಾಲರ್ ಸಾಲವನ್ನು ವಸತಿ ಕಟ್ಟಡದವರು 35 ವರ್ಷಗಳ ಕಾಲ ತೆರಿಗೆಯ ಬದಲಿಗೆ ಕಟ್ಟಬೇಕೆಂಬುದು ಒಪ್ಪಂದ. ಆ ಪಾಲಕರ ಛಲಕ್ಕೆ ನಾನು ತಲೆಬಾಗುತ್ತೇನೆ. ಆದರೆ ಸಾಲ ತೀರಿದ ಮೇಲೂ ಆ ಅರ್ಧ ನೆಲ ಶಾಲೆಗೆ ಹಿಂತಿರುಗುವುದಿಲ್ಲ. ಮುಂದಿನ ತಲೆಮಾರಿನಲ್ಲಿ ಮಕ್ಕಳ ಸಂಖ್ಯೆ ಹೆಚ್ಚಿ ಇನ್ನಷ್ಟು ಕೊಠಡಿಗಳು ಬೇಕಾದರೆ, ಅಂದಿನ ಪಾಲಕರ ಕೈಯಲ್ಲಿ ಚೌಕಾಶಿಗೆ ಅಷ್ಟೇ ಜಾಗ ಇರುವುದಿಲ್ಲ.

ನಮಸ್ಕಾರ.