ನೆಲ ನಡುಗಿದರೆ ಸಾಕೇ, ದುರಂತವಾಗಲು?

ಕೇಳುಗರಿಗೆ ನಮಸ್ಕಾರ.

ಭೂಕಂಪವೋ ಪ್ರವಾಹವೋ ಆದಾಗಲೆಲ್ಲ ಒಂದು ಮಾತು ಕೇಳುತ್ತೇವೆ: ‘ಪ್ರಕೃತಿ ಮುನಿಯಿತು, ನಾವೇನು ಮಾಡೋಕಾಗುತ್ತೆ?’ ಈ ಮಾತಿಗೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ನೆಲ ನಡುಗುವುದು ಅಪಾಯ. ಅದನ್ನು ತಡೆಯಲು ಯಾರಿಂದಲೂ ಆಗದು. ಆ ನಡುಕಕ್ಕೆ ಮನೆ ಕುಸಿದು ಜನ ಸಾಯುವುದು ದುರಂತ. ಅದರಲ್ಲಿ ಮನುಷ್ಯರ ಕೈ ಇದ್ದೇ ಇದೆ.

1908ರಲ್ಲಿ ಸೈಬೀರಿಯಾದ ತುಂಗುಸ್ಕಾದಲ್ಲಿ ಆಕಾಶದಿಂದ ಬಂದ ಬಂಡೆಯೊಂದು ಗಾಳಿಯಲ್ಲೇ ಸಿಡಿಯಿತು. ಸುಮಾರು 2,000 ಚದರ ಕಿಲೋಮೀಟರ್ ಕಾಡು ನೆಲಕ್ಕೊರಗಿತು. ಅಲ್ಲಿ ಜನರೇ ಇರಲಿಲ್ಲ ಎನ್ನಬೇಕು. ಅಷ್ಟು ದೊಡ್ಡ ಅಪಾಯ, ಆದರೆ ದುರಂತವಾಗಲಿಲ್ಲ.

ಈಗ 2010ಕ್ಕೆ ಬನ್ನಿ. ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾಯಿತು, ತೀವ್ರತೆ 7. ಲಕ್ಷಕ್ಕೂ ಹೆಚ್ಚು ಜನ ಸತ್ತರು. ಮರುತಿಂಗಳು ಚಿಲಿಯಲ್ಲಿ ಆಯಿತು, ತೀವ್ರತೆ 8.8. ಅಂದರೆ ಸುಮಾರು 500 ಪಟ್ಟು ಹೆಚ್ಚು ಶಕ್ತಿ. ಅಲ್ಲಿ ಸತ್ತವರು, ಸುನಾಮಿಗೆ ಸಿಕ್ಕವರೂ ಸೇರಿ, ಸುಮಾರು 500 ಜನ. ಶಕ್ತಿ ಅಷ್ಟು ಜಾಸ್ತಿ, ಸಾವು ಇಷ್ಟು ಕಡಿಮೆ. ಹೇಗೆ?

ಹೈಟಿಯ ಮನೆಗಳನ್ನು ನೋಡಿ. ಸಿಮೆಂಟ್ ಉಳಿಸಿ ಮಾಡಿದ ಇಟ್ಟಿಗೆ. ಸಾಕಷ್ಟು ಕಂಬಿಯಿಲ್ಲದ ಕಂಬ. ಚಂಡಮಾರುತಕ್ಕೆ ಹಾರದಿರಲಿ ಎಂದು ಮೇಲೆ ಭಾರದ ಕಾಂಕ್ರೀಟ್ ತಾರಸಿ. ನಡುಗಿದಾಗ ಆ ತಾರಸಿಯೇ ಜನರ ಮೇಲೆ ಬಿತ್ತು. ಹೀಗೆ ಕಟ್ಟಬೇಡಿ ಎಂದು ತಡೆಯುವ ವ್ಯವಸ್ಥೆ ಅಲ್ಲಿರಲಿಲ್ಲ. ಬಡವರನ್ನು ಬೈದು ಪ್ರಯೋಜನವೂ ಇಲ್ಲ, ಕಂಬಿಗೆ ದುಡ್ಡು ಬೇಡವೇ?

ಚಿಲಿ 1960ರಲ್ಲಿ 9.5 ತೀವ್ರತೆಯ ಭೂಕಂಪ ಕಂಡ ದೇಶ. ಅದಕ್ಕಿಂತ ದೊಡ್ಡದು ಈವರೆಗೆ ದಾಖಲಾಗಿಲ್ಲ. ಅವರು ನಿಯಮ ಬರೆದರು, ಅದನ್ನು ಪಾಲಿಸುವಂತೆಯೂ ಮಾಡಿದರು. ತೊಲೆ ಬಿರುಕು ಬಿಟ್ಟರೂ ಕಂಬ ನಿಲ್ಲಬೇಕು, ಜನ ಹೊರಗೆ ಬರಬೇಕು. 2010ರಲ್ಲಿ ಕಾನ್ಸೆಪ್ಸಿಯಾನ್ ನಗರದಲ್ಲಿ 15 ಮಹಡಿಯ ಹೊಸ ಕಟ್ಟಡವೊಂದು ಉರುಳಿದಾಗ, ಕಟ್ಟಿದವರನ್ನು ಕೋರ್ಟಿಗೆ ಎಳೆದರು. ಪ್ರಕೃತಿ ಮುನಿಯಿತು ಎಂದು ಸುಮ್ಮನೆ ಕೂರಲಿಲ್ಲ!

ಹೈಟಿಯ ಭೂಕಂಪ ರಾಜಧಾನಿಯ ಪಕ್ಕದಲ್ಲೇ ಆಗಿತ್ತಲ್ಲ ಎಂದು ಯಾರಾದರೂ ಕೇಳುತ್ತಾರೆ, ಯಾವಾಗಲೂ ಕೇಳುತ್ತಾರೆ. ಹೌದು, ಆಗಿತ್ತು. ಆದರೂ ಗಟ್ಟಿ ಕಂಬ ಇದ್ದಿದ್ದರೆ ಎಷ್ಟೋ ಜನ ಬದುಕುತ್ತಿದ್ದರು, ಅಲ್ವಾ?

ಸಮಯ ಕಡಿಮೆ ಉಳಿದಿದೆ. ಚಂಡಮಾರುತದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2013ರಲ್ಲಿ ಫೈಲಿನ್ ಬಂದಾಗ ಮೊದಲೇ ಲಕ್ಷಾಂತರ ಜನರನ್ನು ಸ್ಥಳಾಂತರಿಸಿದ್ದರು. ಸಾವು ನೂರನ್ನೂ ಮುಟ್ಟಲಿಲ್ಲ. ಗಾಳಿಯೇನೂ ಮೆತ್ತಗಿರಲಿಲ್ಲ. ಪ್ರವಾಹಕ್ಕೂ ಇದೇ ಲೆಕ್ಕ: ನದಿ ಉಕ್ಕುವ ಜಾಗದಲ್ಲಿ ಮನೆ ಕಟ್ಟಲು ಬಿಟ್ಟವರು ಯಾರು?

ಮನೆ ಕಟ್ಟಿಸುವವರು ಬಣ್ಣ, ಟೈಲ್ಸ್ ಆಮೇಲೆ ನೋಡಿ. ಕಂಬದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್ ಎಷ್ಟೆಷ್ಟು ದೂರಕ್ಕೆ ಹಾಕುತ್ತೀರಿ ಎಂದು ಎಂಜಿನಿಯರನ್ನು ಮೊದಲು ಕೇಳಿ. ನಮಸ್ಕಾರ.