ಮನ್ರೋ ಸಿದ್ಧಾಂತ: ಕಾವಲಿನಿಂದ ವಸೂಲಿಗೆ

ಕೇಳುಗರಿಗೆ ನಮಸ್ಕಾರ. ಅಮೆರಿಕದ ವಿದೇಶಾಂಗ ನೀತಿಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮನ್ರೋ ಸಿದ್ಧಾಂತವು ಹುಟ್ಟುವಾಗ ಕಾಯ್ದೆಯೂ ಆಗಿರಲಿಲ್ಲ, ಒಪ್ಪಂದವೂ ಆಗಿರಲಿಲ್ಲ. 1823ರ ಡಿಸೆಂಬರ್ 2ರಂದು ಅಧ್ಯಕ್ಷ ಜೇಮ್ಸ್ ಮನ್ರೋ ಅಮೆರಿಕದ ಕಾಂಗ್ರೆಸ್ಸಿಗೆ ಕಳುಹಿಸಿದ ವಾರ್ಷಿಕ ಸಂದೇಶದಲ್ಲಿ, ಅಂಚೆ ಇಲಾಖೆಯ ಲೆಕ್ಕ, ರಸ್ತೆಯ ದುರಸ್ತಿ ಮುಂತಾದ ವಿಷಯಗಳ ಆಚೀಚೆ ಬಿಡಿಬಿಡಿಯಾಗಿ ಸೇರಿದ್ದ ಕೆಲವೇ ಪರಿಚ್ಛೇದಗಳು ಅವು. ಅಮೆರಿಕ ಖಂಡಗಳಲ್ಲಿ ಯುರೋಪಿನ ರಾಜ್ಯಗಳು ಇನ್ನು ಹೊಸ ವಸಾಹತುಗಳನ್ನು ಸ್ಥಾಪಿಸಕೂಡದು, ಯುರೋಪಿನ ಜಗಳಗಳಲ್ಲಿ ಅಮೆರಿಕವೂ ತಲೆಹಾಕುವುದಿಲ್ಲ ಎಂಬುದು ಅವುಗಳ ತಿರುಳು.

ಸ್ಪೇನಿನ ಆಳ್ವಿಕೆಯನ್ನು ಕಿತ್ತೊಗೆದ ಮೆಕ್ಸಿಕೊ, ಕೊಲಂಬಿಯ, ಚಿಲಿಗಳಂತಹ ಹೊಸ ರಾಷ್ಟ್ರಗಳನ್ನು ಯುರೋಪಿನ ಅರಸರು ಮರಳಿ ವಶಪಡಿಸಿಕೊಂಡಾರೆಂಬ ಆತಂಕ ಆಗ ಇತ್ತು. ಆ ದೇಶಗಳ ವ್ಯಾಪಾರದ ಮೇಲೆ ಕಣ್ಣಿಟ್ಟಿದ್ದ ಬ್ರಿಟನ್ನಿನ ವಿದೇಶಾಂಗ ಸಚಿವ ಜಾರ್ಜ್ ಕ್ಯಾನಿಂಗ್, ಜಂಟಿ ಘೋಷಣೆ ಹೊರಡಿಸೋಣವೆಂದು ಸೂಚಿಸಿದನು. ಮಾಜಿ ಅಧ್ಯಕ್ಷರಾದ ಜೆಫರ್ಸನ್ ಮತ್ತು ಮ್ಯಾಡಿಸನ್ ಇಬ್ಬರೂ ಒಪ್ಪಿಕೊಳ್ಳುವುದೇ ಲೇಸೆಂದರು. ಒಪ್ಪದವನು ವಿದೇಶಾಂಗ ಕಾರ್ಯದರ್ಶಿ ಜಾನ್ ಕ್ವಿನ್ಸಿ ಆಡಮ್ಸ್. ಬ್ರಿಟನ್ನಿನ ಯುದ್ಧನೌಕೆಯ ಹಿಂದೆ ಸಣ್ಣ ದೋಣಿಯಂತೆ ಸಾಗುವುದಕ್ಕಿಂತ ನಮ್ಮ ಮಾತನ್ನು ನಾವೇ ಹೇಳುವುದು ಮೇಲೆಂಬ ಅವನ ವಾದವೇ ಗೆದ್ದಿತು. ಆದರೂ ಆ ಮಾತನ್ನು ಉಳಿಸಿಕೊಳ್ಳುವಷ್ಟು ನೌಕಾಬಲ ಅಮೆರಿಕಕ್ಕೆ ಇರಲಿಲ್ಲ. ದಶಕಗಳ ಕಾಲ ಅಟ್ಲಾಂಟಿಕ್ ಸಾಗರವನ್ನು ಕಾದದ್ದು ಬ್ರಿಟನ್ನಿನ ನೌಕಾಪಡೆಯೇ. ಅದೇ ಬ್ರಿಟನ್ 1833ರಲ್ಲಿ ಫಾಕ್‌ಲೆಂಡ್ ದ್ವೀಪಗಳನ್ನು ವಶಪಡಿಸಿಕೊಂಡಾಗ ವಾಷಿಂಗ್ಟನ್ ಸುಮ್ಮನಿತ್ತು.

ಸಿದ್ಧಾಂತದ ನಿಜವಾದ ತಿರುವು ಬಂದದ್ದು ಸಾಲದ ವಿಷಯದಲ್ಲಿ. 1902ರ ಡಿಸೆಂಬರಿನಲ್ಲಿ ಬ್ರಿಟನ್, ಜರ್ಮನಿ, ಇಟಲಿಗಳು ಬಾಕಿ ವಸೂಲಿಗಾಗಿ ವೆನೆಜುವೆಲಾದ ಬಂದರುಗಳಿಗೆ ದಿಗ್ಬಂಧನ ಹಾಕಿದವು. ರಾಷ್ಟ್ರದ ಸಾಲವನ್ನು ಶಸ್ತ್ರಬಲದಿಂದ ವಸೂಲು ಮಾಡಕೂಡದು ಎಂಬ ತತ್ತ್ವವನ್ನು ಅರ್ಜೆಂಟೀನಾದ ವಿದೇಶಾಂಗ ಸಚಿವ ಲೂಯಿಸ್ ಡ್ರಾಗೊ ಆಗಲೇ ವಾಷಿಂಗ್ಟನ್ನಿನ ಮುಂದಿಟ್ಟನು. ನನ್ನ ದೃಷ್ಟಿಯಲ್ಲಿ ಮನ್ರೋ ಮಾತಿಗೆ ಅದೇ ಹೆಚ್ಚು ನಿಷ್ಠವಾದ ವ್ಯಾಖ್ಯಾನ. ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಹಿಡಿದ ದಾರಿ ಬೇರೆ. ನೆರೆಯ ದೇಶಗಳು ಸತತವಾಗಿ ತಪ್ಪಿ ನಡೆದರೆ, ಯುರೋಪ್ ಬರುವ ಬದಲು ಅಮೆರಿಕವೇ ಪೊಲೀಸ್ ಅಧಿಕಾರ ಚಲಾಯಿಸಬೇಕಾದೀತು ಎಂದು 1904ರ ಡಿಸೆಂಬರಿನ ಸಂದೇಶದಲ್ಲಿ ಅವನು ಸಾರಿದನು. ಯುರೋಪನ್ನು ಹೊರಗಿಡಲು ಹೊರಟ ಸಿದ್ಧಾಂತವು ಹೀಗೆ ಅಮೆರಿಕಕ್ಕೆ ಒಳಪ್ರವೇಶದ ಪರವಾನಗಿಯಾಯಿತು.

ಮರುವರ್ಷವೇ ಡೊಮಿನಿಕನ್ ಗಣರಾಜ್ಯದ ಸುಂಕದ ಕಟ್ಟೆಗಳು ಅಮೆರಿಕದ ಹಿಡಿತಕ್ಕೆ ಬಂದವು. ವಸೂಲಾದ ಹಣದಲ್ಲಿ ಶೇಕಡ 45ರಷ್ಟು ಅಲ್ಲಿನ ಸರ್ಕಾರಕ್ಕೆ, ಉಳಿದದ್ದು ಸಾಲ ತೀರಿಸಲಿಕ್ಕೆ. ಸೆನೆಟ್ ಒಪ್ಪಿಗೆ ಕೊಡದಿದ್ದರೂ ರೂಸ್ವೆಲ್ಟ್ ತಾತ್ಕಾಲಿಕ ವ್ಯವಸ್ಥೆಯ ಹೆಸರಿನಲ್ಲಿ ಅದನ್ನು ನಡೆಸಿಕೊಂಡು ಹೋದನು; ಒಪ್ಪಂದಕ್ಕೆ ಸಮ್ಮತಿ ದೊರೆತದ್ದು 1907ರಲ್ಲಿ. ಮುಂದೆ ನಿಕರಾಗುವಾಕ್ಕೂ ಹೈಟಿಗೂ ಅಮೆರಿಕದ ಸೈನಿಕರು ಹೋದರು. 1914ರ ಡಿಸೆಂಬರಿನಲ್ಲಂತೂ, ಹೈಟಿಯ ರಾಷ್ಟ್ರೀಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಮೌಲ್ಯದ ಚಿನ್ನವನ್ನು ನೌಕಾಸೈನಿಕರು ಹಾಡಹಗಲೇ ಹೊತ್ತು ಹಡಗಿನಲ್ಲಿ ನ್ಯೂಯಾರ್ಕಿಗೆ ಸಾಗಿಸಿದರು.

ರೂಸ್ವೆಲ್ಟನ ವ್ಯಾಖ್ಯಾನಕ್ಕೆ ಮನ್ರೋ ಮಾತಿನಲ್ಲಿ ಆಧಾರವಿಲ್ಲವೆಂದು ಅಮೆರಿಕದ ವಿದೇಶಾಂಗ ಇಲಾಖೆಯ ರೂಬೆನ್ ಕ್ಲಾರ್ಕ್ 1928ರಲ್ಲಿ ಬರೆದ ಟಿಪ್ಪಣಿ 1930ರಲ್ಲಿ ಪ್ರಕಟವಾಯಿತು. ಮುಂದೆ ಅಧ್ಯಕ್ಷನಾದ ಫ್ರಾಂಕ್ಲಿನ್ ರೂಸ್ವೆಲ್ಟನ, ನೆರೆಯ ದೇಶಗಳ ವ್ಯವಹಾರದಲ್ಲಿ ತಲೆಹಾಕಕೂಡದೆಂಬ ಉತ್ತಮ ನೆರೆಹೊರೆಯ ನೀತಿಯಡಿ 1934ರಲ್ಲಿ ಸೈನಿಕರು ಹೈಟಿಯನ್ನು ಬಿಟ್ಟರು. ಆ ದೇಶದ ಹಣಕಾಸಿನ ಮೇಲಿನ ಅಮೆರಿಕದ ಹತೋಟಿ ಮಾತ್ರ 1947ರವರೆಗೂ ಮುಂದುವರಿಯಿತು.