ಮೈಸೂರಿನ ದುಡ್ಡು, ಲಂಡನ್ನಿನ ಪಿಟೀಲು

ನಮಸ್ಕಾರ. ಇವತ್ತು ಒಂದು ಕೆಟ್ಟ ರೆಕಾರ್ಡಿಂಗಿನಿಂದ ಶುರು ಮಾಡ್ತೀನಿ. ಹುಡುಕಿದರೆ ಸಿಗುತ್ತೆ, ಕೇಳಿ. ಎಣ್ಣೆಯಲ್ಲಿ ಸಂಡಿಗೆ ಕರಿದ ಹಾಗೆ ಚರಚರ ಸದ್ದು. ಆ ಸದ್ದಿನ ಹಿಂದೆ ಎಲ್ಲೋ ದೂರದಲ್ಲಿ ಒಬ್ಬ ಹೆಂಗಸು ಹಾಡ್ತಿದ್ದಾರೆ. ಅವರು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್. 1950ರ ಮೇ 22, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಕೈಯಾಡಿಸಿ ವಾದಕರನ್ನ ನಡೆಸೋ ಕಂಡಕ್ಟರ್ ಫುರ್ಟ್‌ವೆಂಗ್ಲರ್, ನುಡಿಸ್ತಿರೋದು ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ, ಅಂದರೆ ದೊಡ್ಡ ವಾದ್ಯವೃಂದ. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದಿಟ್ಟ ನಾಲ್ಕು ಹಾಡು ಅವತ್ತೇ ಮೊದಲ ಸಲ ಜನರ ಕಿವಿಗೆ ಬಿದ್ದಿದ್ದು. ಬರೆದವರು ತೀರಿಕೊಂಡು ಎಂಟು ತಿಂಗಳಾಗಿತ್ತು.

ಅದನ್ನ ರೆಕಾರ್ಡ್ ಮಾಡಿದ್ದು ಯಾಕೆ ಗೊತ್ತಾ? ಮೈಸೂರಲ್ಲಿದ್ದ ಒಬ್ಬರು ಕೇಳಬೇಕಿತ್ತು. ಜಯಚಾಮರಾಜೇಂದ್ರ ಒಡೆಯರ್ ಆ ಕಛೇರಿಗೆ 4,800 ಡಾಲರ್ ಖಾತರಿ ಕೊಟ್ಟಿದ್ದರು. ತಾವು ಹೋಗೋಕಾಗಲಿಲ್ಲ, ಹಾಡು ತಟ್ಟೆಯಲ್ಲಿ ಕೂತು ಮೈಸೂರಿಗೆ ಬಂತು.

ಇಲ್ಲಿಗೆ ನಿಲ್ಲಿಸಿದರೆ ಎದೆಯುಬ್ಬಿಸೋ ಕಥೆ. ಆದರೆ ‘ಲಂಡನ್ನಿನ ಆರ್ಕೆಸ್ಟ್ರಾ ಕಟ್ಟಿದ್ದೇ ನಮ್ಮ ಮಹಾರಾಜರು’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕಟ್ಟಿದ್ದು ವಾಲ್ಟರ್ ಲೆಗ್, 1945ರಲ್ಲಿ. ಇಎಂಐ ಕಂಪನಿಯಲ್ಲಿ ರೆಕಾರ್ಡ್ ಮಾಡಿಸ್ತಿದ್ದ ಮನುಷ್ಯ, ಕಿವಿ ಬಲು ಚುರುಕು, ಸ್ವಭಾವದಲ್ಲಿ ಪಾಳೇಗಾರ. ಯುದ್ಧ ಮುಗಿದು ಸೇನೆಯ ಬ್ಯಾಂಡುಗಳಿಂದ ಬಿಡುಗಡೆಯಾಗ್ತಿದ್ದ ಒಳ್ಳೊಳ್ಳೆ ವಾದಕರನ್ನ ಹೆಕ್ಕಿ ಹೆಕ್ಕಿ ತಂದರು. ಕೊಂಬು ನುಡಿಸ್ತಿದ್ದ ಡೆನಿಸ್ ಬ್ರೇನ್ ಅಂಥವರಲ್ಲೊಬ್ಬ. ಮೊದಲ ಕಛೇರಿ ನಡೆಸಿಕೊಟ್ಟ ಥಾಮಸ್ ಬೀಚಮ್ ತಗೊಂಡ ಸಂಭಾವನೆ ಒಂದೇ ಒಂದು ಸಿಗಾರ್!

ಸಿಗಾರಿನಲ್ಲಿ ಆರ್ಕೆಸ್ಟ್ರಾ ನಡೆಯಲ್ಲ, ನೂರು ಜನರ ಹೊಟ್ಟೆ ಇದೆ. ಒಡೆಯರ್ ಬರೋದು ಆಗ. ಇಪ್ಪತ್ತೊಂದನೇ ವಯಸ್ಸಿಗೆ ಪಟ್ಟಕ್ಕೆ ಬಂದವರು, ಪಿಯಾನೋ ಕಲಿತವರು, ಕಛೇರಿ ಕೊಡೋ ಪಿಯಾನಿಸ್ಟ್ ಆಗಬೇಕು ಅಂತ ಆಸೆಪಟ್ಟವರು. ವರ್ಷಕ್ಕೆ 10 ಸಾವಿರ ಪೌಂಡ್, ಮೂರು ವರ್ಷ ಕೊಡ್ತೀನಿ ಅಂದರು. ಫಿಲ್‌ಹಾರ್ಮೋನಿಯಾ ಕಛೇರಿ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು. ನಾಜಿ ಪಕ್ಷದಲ್ಲಿದ್ದ ಕಾರಣಕ್ಕೆ ಯುದ್ಧದ ನಂತರ ಕೆಲಕಾಲ ಕಛೇರಿಯಿಂದ ಹೊರಗಿಡಲ್ಪಟ್ಟಿದ್ದ ಆಸ್ಟ್ರಿಯಾದ ಕಂಡಕ್ಟರ್ ಕಾರಾಯನ್‌ನ ಲೆಗ್ ಲಂಡನ್ನಿಗೆ ಕರೆಸಿದ್ದೂ ಈ ದಿನಗಳಲ್ಲೇ. ಅವನು 1949ರಲ್ಲಿ ಈ ಆರ್ಕೆಸ್ಟ್ರಾ ಜೊತೆ ರಷ್ಯಾದ ರಚನಕಾರ ಬಾಲಕಿರೆವ್‌ನ ಮೊದಲ ಸಿಂಫನಿ (ಇಡೀ ಆರ್ಕೆಸ್ಟ್ರಾ ನುಡಿಸೋ ದೊಡ್ಡ ಕೃತಿ) ರೆಕಾರ್ಡ್ ಮಾಡಿದ. ಅದಕ್ಕೂ ಮೈಸೂರಿನ ದುಡ್ಡು.

ಈಗ ಲೆಕ್ಕ ಕೇಳ್ತೀನಿ. ಆಗ ಪೌಂಡಿಗೆ ಹದಿಮೂರು ರೂಪಾಯಿ ಚಿಲ್ಲರೆ. ಅಂದರೆ ವರ್ಷಕ್ಕೆ ಸುಮಾರು 1 ಲಕ್ಷ 33 ಸಾವಿರ. ಅದೇ ನಲವತ್ತರ ದಶಕ, 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಅಂತ ಜನ ಬೀದಿಗಿಳಿದಿದ್ದರು. ಜವಾಬ್ದಾರಿ ಸರ್ಕಾರ ಕೊಡಿ ಅಂತ ಜೈಲಿಗೆ ಹೋಗ್ತಿದ್ದರು. ಆ ಹೊತ್ತಿನ ಆಸುಪಾಸಿನಲ್ಲೇ ಅಷ್ಟು ದುಡ್ಡು ಕಡಲಾಚೆಗೆ ಪಿಟೀಲಿಗೆ ಹೋಯ್ತು ಅಂದರೆ ಸಿಟ್ಟು ಬರೋದು ತಪ್ಪಲ್ಲ. ನನಗೂ ಬರುತ್ತೆ.

ಆದರೂ ಒಂದು ಕಡೆ ಮೆತ್ತಗಾಗ್ತೀನಿ. ನಿಕೊಲಾಯ್ ಮೆಟ್ನರ್. ರಷ್ಯಾ ಬಿಟ್ಟು ಬಂದು ಲಂಡನ್ನಿನಲ್ಲಿ ನೆಲೆಸಿದ್ದ ಸಂಗೀತಗಾರ, ರಖ್ಮಾನಿನೋವ್‌ನ ಗೆಳೆಯ. ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು, ಕೇಳೋರು ಬೆರಳೆಣಿಕೆ. ಯಾವ ಕಂಪನಿಯೂ ಲಾಭ ನೋಡಿ ಅವನ ರೆಕಾರ್ಡ್ ಹಾಕ್ತಿರಲಿಲ್ಲ. ಮಹಾರಾಜರು ಹಾಕಿಸಿದರು. 1947ರಲ್ಲಿ, 67ನೇ ವಯಸ್ಸಲ್ಲಿ, ತನ್ನ ಮೂರೂ ಪಿಯಾನೋ ಕನ್ಸರ್ಟೋಗಳನ್ನ (ಒಂಟಿ ಪಿಯಾನೋ ಮುಂದೆ, ಆರ್ಕೆಸ್ಟ್ರಾ ಜೊತೆಗೆ ನುಡಿಸೋ ಕೃತಿಗಳು) ಫಿಲ್‌ಹಾರ್ಮೋನಿಯಾ ಜೊತೆ ತಾನೇ ಕೂತು ನುಡಿಸಿದ. 1951ರಲ್ಲಿ ತೀರಿಕೊಂಡ. ಹೆಸರಾಂತ ಕಂಡಕ್ಟರಿಗೆ ಹಾರ ಹಾಕೋಕೆ ಯಾರು ಬೇಕಾದರೂ ಮುಂದೆ ಬರ್ತಾರೆ. ಯಾರೂ ಕೇಳದವನ ಬೆರಳಿನ ಸದ್ದು ಉಳಿಸೋಕೆ ದುಡ್ಡು ಬಿಚ್ಚೋದಕ್ಕೆ ನಿಜವಾದ ಕಿವಿ ಬೇಕು. ನಾವೋ, ಮಹಾರಾಜರನ್ನ ಅವರೇ ರಚಿಸಿದ ‘ಶ್ರೀವಿದ್ಯಾ’ ಅಂಕಿತದ ಕರ್ನಾಟಕ ಸಂಗೀತದ ಕೃತಿಗಳಿಗೆ ಮಾತ್ರ ಕಟ್ಟಿಹಾಕಿ, ಈ ಕಿವಿಯನ್ನ ಮರೆತೇಬಿಟ್ಟಿದ್ದೀವಿ.

ಸಂಸ್ಥಾನ ಹೋಯ್ತು, ಆಶ್ರಯವೂ ನಿಂತಿತು. ಫಿಲ್‌ಹಾರ್ಮೋನಿಯಾ ಮಾತ್ರ ನಿಲ್ಲಲಿಲ್ಲ. ಹೆಸರಾಂತ ಕಂಡಕ್ಟರುಗಳಾದ ತೊಸ್ಕಾನಿನಿ ಬಂದ, ಕ್ಲೆಂಪರರ್ ಬಂದ. ಆಮೇಲೆ, 1964ರ ಮಾರ್ಚಿನಲ್ಲಿ, ಲೆಗ್ ಒಂದು ದಿನ ‘ಆರ್ಕೆಸ್ಟ್ರಾ ನಿಲ್ಲಿಸ್ತಿದ್ದೀನಿ’ ಅಂತ ಘೋಷಿಸಿದರು. ತನ್ನದು, ತಾನೇ ಮುಚ್ಚಬಹುದು ಅನ್ನೋ ಲೆಕ್ಕ. ವಾದಕರು ಒಂದೇ ವಾರದಲ್ಲಿ ಸಭೆ ಸೇರಿ, ‘ನಾವೇ ನಡೆಸ್ಕೊತೀವಿ’ ಅಂದರು. ಹೆಸರು ಲೆಗ್ ಬಿಟ್ಟುಕೊಡಲಿಲ್ಲ, ‘ನ್ಯೂ ಫಿಲ್‌ಹಾರ್ಮೋನಿಯಾ’ ಅಂತ ಇಟ್ಕೊಂಡರು. ಎಂಬತ್ತರ ಹತ್ತಿರದ ಕ್ಲೆಂಪರರ್ ಅವರ ಬೆನ್ನಿಗೆ ನಿಂತ. ಅಕ್ಟೋಬರಿನಲ್ಲಿ ಬೀತೋವನ್‌ನ ಒಂಬತ್ತನೇ ಸಿಂಫನಿ ನುಡಿಸಿ ಶುರು ಮಾಡಿದರು. ಹಳೇ ಹೆಸರು ವಾಪಸ್ ಬಂದಿದ್ದು 1977ರಲ್ಲಿ. ನನಗೆ ಈ ಇಡೀ ಇತಿಹಾಸದಲ್ಲಿ ತುಂಬ ಇಷ್ಟವಾದ ಘಳಿಗೆ ಇದೇ, ಮಹಾರಾಜರ ಚೆಕ್ಕಿಗಿಂತಲೂ. ಒಂದು ಕಾಲಕ್ಕೆ ಮೈಸೂರು ಉಣ್ಣಿಸಿದ ವೃಂದ ಆಮೇಲೆ ತನ್ನ ಅನ್ನ ತಾನೇ ಬೇಯಿಸ್ಕೊಂಡು ಇವತ್ತಿಗೂ ಲಂಡನ್ನಿನಲ್ಲಿ ನುಡಿಸ್ತಿದೆ.

ಅಂದಹಾಗೆ, ಮೆಟ್ನರ್ ತನ್ನ ಮೂರನೇ ಕನ್ಸರ್ಟೋವನ್ನ ಅರ್ಪಿಸಿದ್ದು ಮೈಸೂರು ಮಹಾರಾಜರಿಗೆ. ಇಷ್ಟು ಕೇಳಿಸ್ಕೊಂಡ ಮೇಲೆ ಇವತ್ತು ರಾತ್ರಿ ಅದನ್ನೇ ಹಾಕಿ, ಮೆಟ್ನರ್ ತಾನೇ ನುಡಿಸಿರೋದನ್ನ. ಚರಚರ ಇದರಲ್ಲೂ ಇದೆ, ಸ್ಟ್ರಾಸ್ ಹಾಡಿನಷ್ಟಲ್ಲ.